ಹಿಂದಿನ ಬ್ರೇಕ್ ಶೂ ಬದಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಹೊಂದಿಸುವುದು: ಮೊದಲು ಡ್ರಮ್, ಕೊನೆಗೆ ಕೇಬಲ್

ಹಿಂದಿನ ಚಕ್ರಕ್ಕೆ ಹೊಸ ಬ್ರೇಕ್ ಶೂ ಬಿದ್ದಿದೆ, ಆದರೂ ಹ್ಯಾಂಡ್‌ಬ್ರೇಕ್ ಲಿವರ್ ಆಕಾಶ ನೋಡುತ್ತದೆ. ಗ್ಯಾರೇಜಿಗೆ ಹೋದರೆ ಸೀಟುಗಳ ನಡುವಿನ ಕವರ್ ಎಬ್ಬಿಸಿ, ಒಂದು ನಟ್‌ನ್ನು ನಾಲ್ಕು ಸುತ್ತು ಬಿಗಿದು, "ಟೈಟ್ ಮಾಡ್ಕೊಟ್ಟಿದೀನಿ ಸಾರ್, ಈಗ ಎಳೆದು ನೋಡಿ" ಅನ್ನುತ್ತಾರೆ. ಎಳೆದರೆ ಹೌದು, ಬಿಗಿಯಾಗಿದೆ. ತಿಂಗಳು ಕಳೆಯುವಷ್ಟರಲ್ಲಿ ಮೈಲೇಜ್ ಇಳಿದಿರುತ್ತದೆ, ಹಿಂದಿನ ಚಕ್ರದ ಹತ್ತಿರ ಸುಟ್ಟ ವಾಸನೆ ಬರುತ್ತದೆ, ಬ್ರೇಕ್ ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತದೆ. ಡ್ರಮ್ಮಿನೊಳಗಿನ ಸಡಿಲವನ್ನು ಕೇಬಲ್ ಎಳೆದು ಮುಚ್ಚುವುದೆಂದರೆ ಚಪ್ಪಲಿ ದೊಡ್ಡದಾಯಿತೆಂದು ಕಾಲಿಗೆ ಹಗ್ಗ ಕಟ್ಟಿಕೊಂಡ ಹಾಗೆ.

ನಮ್ಮಲ್ಲಿ ಓಡಾಡುವ ಆಲ್ಟೊ, ವ್ಯಾಗನ್‌ಆರ್, ಸ್ವಿಫ್ಟ್, ಐ10, ಟಿಯಾಗೊದಂಥ ಕಾರುಗಳಲ್ಲಿ ಹಿಂದೆ ಇರುವುದು ಡ್ರಮ್ ಬ್ರೇಕ್. ಅದನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಹಿಂದೆ ಡಿಸ್ಕ್ ಇರುವ ಕಾರುಗಳ ಮಾತು ಕೊನೆಯಲ್ಲಿದೆ.

ಡ್ರಮ್ಮಿನೊಳಗೆ ನಡೆಯುವುದೇನು

ಇದು ಅರ್ಥವಾದರೆ ಮುಂದಿನ ಕೆಲಸ ಅರ್ಧ ಮುಗಿದ ಹಾಗೆ. ಡ್ರಮ್ ತೆಗೆದರೆ ಕಾಣುವುದು ಅರ್ಧಚಂದ್ರದ ಎರಡು ಶೂಗಳು. ಪೆಡಲ್ ಒತ್ತಿದಾಗ ಮೇಲಿರುವ ವೀಲ್ ಸಿಲಿಂಡರ್ ಎಣ್ಣೆಯ ಒತ್ತಡದಿಂದ ಅವೆರಡನ್ನೂ ಹೊರಕ್ಕೆ ತಳ್ಳುತ್ತದೆ. ಹ್ಯಾಂಡ್‌ಬ್ರೇಕಿಗೆ ಎಣ್ಣೆಯ ಸಂಬಂಧವೇ ಇಲ್ಲ. ಅದರ ಕೇಬಲ್ ಹಿಂಬದಿಯ ತಗಡಿನ ಮೂಲಕ ಒಳಗೆ ಬಂದು ಹಿಂದಿನ ಶೂಗೆ ತಗುಲಿಸಿದ ಒಂದು ಚಿಕ್ಕ ಲಿವರ್‌ನ ತುದಿಗೆ ಸಿಕ್ಕಿಕೊಂಡಿರುತ್ತದೆ. ಕೇಬಲ್ ಎಳೆದಾಗ ಈ ಲಿವರ್ ಎರಡೂ ಶೂಗಳ ನಡುವೆ ಅಡ್ಡ ಇರುವ ಸ್ಟ್ರಟ್ ಎಂಬ ಕಡ್ಡಿಯನ್ನು ದೂಡುತ್ತದೆ. ಕಡ್ಡಿ ಮುಂದಿನ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ, ಅದರ ಪ್ರತಿಬಲದಿಂದ ಹಿಂದಿನ ಶೂ ಕೂಡ ಅಂಟಿಕೊಳ್ಳುತ್ತದೆ.

ಅದೇ ಸ್ಟ್ರಟ್ ಮೇಲೆ ಅಡ್ಜಸ್ಟರ್ ಇದೆ. ಕೆಲವು ಕಾರುಗಳಲ್ಲಿ ಅದು ಹಲ್ಲುಗಳಿರುವ ಸ್ಟಾರ್ ವೀಲ್, ಕೆಲವದರಲ್ಲಿ ರ‍್ಯಾಚೆಟ್ ಪಟ್ಟಿ. ಡ್ರಮ್ಮಿಗೆ ಉಜ್ಜುವ ಶೂ ಮೇಲಿನ ಪದರ, ಅಂದರೆ ಲೈನಿಂಗ್, ಸವೆದಂತೆ ಶೂ ಹೆಚ್ಚು ದೂರ ಚಲಿಸಬೇಕಾಗುತ್ತದೆ. ಆ ಚಲನೆ ಒಂದು ಮಿತಿ ದಾಟಿದಾಗ ಅಡ್ಜಸ್ಟರ್ ಒಂದು ಹಲ್ಲು ಮುಂದೆ ಸರಿದು ಸ್ಟ್ರಟ್‌ನ್ನು ಉದ್ದ ಮಾಡುತ್ತದೆ. ಹೀಗೆ ಅಂತರ ತಾನಾಗಿಯೇ ಸರಿಹೋಗುತ್ತಿರುತ್ತದೆ.

ಆದರೆ ಇದಕ್ಕೊಂದು ಷರತ್ತಿದೆ. ಹ್ಯಾಂಡ್‌ಬ್ರೇಕ್ ಇಳಿಸಿದಾಗ ಡ್ರಮ್ಮಿನೊಳಗಿನ ಆ ಚಿಕ್ಕ ಲಿವರ್ ಪೂರ್ತಿ ಹಿಂದಕ್ಕೆ ಬಂದು, ಅದರ ಗುಬುಟು ಶೂವಿನ ಅಂಚಿಗೆ ತಾಗಿ ನಿಲ್ಲಬೇಕು. ಮೇಲೆ ಕೇಬಲ್ ಅತಿಯಾಗಿ ಬಿಗಿದಿದ್ದರೆ ಲಿವರ್ ಅಲ್ಲಿಗೆ ಬರುವುದೇ ಇಲ್ಲ. ಶೂಗಳು ಅರ್ಧ ತೆರೆದುಕೊಂಡೇ ಇರುತ್ತವೆ, ಅಡ್ಜಸ್ಟರಿಗೆ ಬೇಕಾದ ಚಲನೆ ಸಿಗದೆ ಅದು ಕೆಲಸ ನಿಲ್ಲಿಸುತ್ತದೆ. ಅದಕ್ಕೇ ಶೂ ಮತ್ತು ಡ್ರಮ್ಮಿನ ಅಂತರ ಮೊದಲು, ಕೇಬಲ್ ಕಟ್ಟಕಡೆಗೆ.

ಜಾಗ ಮತ್ತು ಸಾಮಾನು

ಸಮತಟ್ಟಾದ ಗಟ್ಟಿ ನೆಲ ಬೇಕು. ಮಳೆಗಾಲದ ಹಸಿ ಅಂಗಳ ಬೇಡ, ಜಾಕ್ ಕುಸಿಯುತ್ತದೆ. ಈ ಕೆಲಸದಲ್ಲಿ ಹ್ಯಾಂಡ್‌ಬ್ರೇಕ್ ಇಳಿಸಿಯೇ ಇರಬೇಕಾದ್ದರಿಂದ ಕಾರು ಉರುಳದಂತೆ ತಡೆಯಲು ಬೇರೆ ವ್ಯವಸ್ಥೆ ಬೇಕು. ಮುಂದಿನ ಎರಡೂ ಚಕ್ರಗಳಿಗೆ ಮುಂದೂ ಹಿಂದೂ ಗಟ್ಟಿ ಅಡೆ ಕೊಡಿ. ಕಲ್ಲಿಗಿಂತ ಮರದ ತುಂಡು ಒಳ್ಳೆಯದು. ಮುಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರಾದರೆ ಒಂದನೇ ಗೇರ್ ಹಾಕಿಡಿ. ಈಕೋ, ಬೊಲೆರೊದಂಥ ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಯಲ್ಲಿ ಗೇರ್ ನಂಬಬೇಡಿ, ಎತ್ತಿದ ಮೇಲೆ ಅದು ಕಾರನ್ನು ಹಿಡಿಯುವುದಿಲ್ಲ. ಜೊತೆಗೆ ಚಕ್ರ ತಿರುಗಿಸಿ ನೋಡಲು ಅಲ್ಲಿ ನ್ಯೂಟ್ರಲ್ಲೇ ಬೇಕು.

ಸ್ಟೆಪ್ನಿ ಬದಲಿಸಲು ಕಾರಿನ ಜೊತೆ ಬರುವ ಜಾಕ್ ಎತ್ತುವುದಕ್ಕೆ ಸಾಕು, ಹಿಡಿದು ನಿಲ್ಲಿಸುವುದಕ್ಕೆ ಸಾಲದು. ಎತ್ತಿದ ಹಿಂಭಾಗವನ್ನು ನಿಲ್ಲಿಸಲು ಜಾಕ್ ಸ್ಟ್ಯಾಂಡ್ ಎರಡು ತನ್ನಿ. ಇದರಲ್ಲಿ ರಾಜಿ ಇಲ್ಲ.

ಉಳಿದಂತೆ ವೀಲ್ ಪಾನಾ, 10 ಮತ್ತು 12 ಎಂಎಂ ಬಾಕ್ಸ್ ಪಾನಾ, ಎರಡು ಚಪ್ಪಟೆ ಸ್ಕ್ರೂಡ್ರೈವರ್ (ಒಂದು ತೆಳ್ಳಗಿರಲಿ), ಟಾರ್ಚ್, ಬ್ರೇಕ್ ಕ್ಲೀನರ್ ಸ್ಪ್ರೇ, ಬಿಸಿ ತಡೆಯುವ ಗ್ರೀಸ್ ಸ್ವಲ್ಪ, ಮಾಸ್ಕ್. ಪೆಡಲ್ ಒತ್ತಲು ಮನೆಯವರೊಬ್ಬರು ಹತ್ತಿರವಿರಲಿ. ಡ್ರಮ್ಮಿನ ಪುಡಿಯನ್ನು ಬಾಯಿಂದಲೋ ಏರ್ ಹೊಡೆದೋ ಹಾರಿಸಬೇಡಿ. ಹಳೆಯ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಸ್ಪ್ರೇ ಹೊಡೆದು ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ.

ಮೊದಲು ಕೇಬಲ್ ಸಡಿಲಿಸಿ

ಹಳೆಯ ಶೂ ಸವೆದಂತೆಲ್ಲ ಯಾರೋ ಒಬ್ಬರು ಕೇಬಲ್ ಬಿಗಿಯುತ್ತ ಬಂದಿರುತ್ತಾರೆ. ಹೊಸ ದಪ್ಪ ಶೂ ಹಾಕಿದ ಮೇಲೆ ಆ ಬಿಗಿ ಹಾಗೇ ಉಳಿದರೆ ಡ್ರಮ್ ಕೂರುವುದೇ ಇಲ್ಲ. ಕೂತರೂ ತಿರುಗುವುದಿಲ್ಲ.

ಹೊಂದಿಸುವ ನಟ್ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಲಿವರ್‌ನ ಬುಡದಲ್ಲೇ ಇದೆ. ಸೀಟುಗಳ ನಡುವಿನ ಪ್ಲಾಸ್ಟಿಕ್ ಕನ್ಸೋಲ್ ಅಥವಾ ಲಿವರ್ ಸುತ್ತಲಿನ ರಬ್ಬರ್ ಬೂಟ್ ತೆಗೆದರೆ ಉದ್ದನೆಯ ಥ್ರೆಡ್ ಕಡ್ಡಿ, ಅದರ ಮೇಲೆ ನಟ್ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಇದು ತಳದಲ್ಲಿ, ಕೇಬಲ್ ಎರಡಾಗಿ ಕವಲೊಡೆಯುವ ಕಡೆ ಇರುತ್ತದೆ. ಲಿವರ್ ಪೂರ್ತಿ ಇಳಿಸಿ, ನಟ್‌ನ್ನು ಕಡ್ಡಿಯ ತುದಿಯ ಹತ್ತಿರದವರೆಗೆ ಸಡಿಲಿಸಿ. ಪೂರ್ತಿ ಬಿಚ್ಚುವುದು ಬೇಡ. ಕರಾವಳಿಯ ಗಾಡಿಯಾದರೆ ತಳದಲ್ಲಿರುವ ನಟ್ ತುಕ್ಕು ಹಿಡಿದಿರುವುದು ಖಂಡಿತ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ.

ಇಲ್ಲೇ ಇನ್ನೊಂದು ಪರೀಕ್ಷೆ ಮಾಡಿಬಿಡಿ. ಕೇಬಲ್ ಸಡಿಲವಾದ ಮೇಲೆ ಚಕ್ರದ ಹತ್ತಿರ ಅದರ ಒಳತಂತಿಯನ್ನು ಕೈಯಿಂದ ಎಳೆದು ಬಿಟ್ಟರೆ ಸರಕ್ಕನೆ ಹಿಂದೆ ಹೋಗಬೇಕು. ಅರ್ಧಕ್ಕೆ ನಿಂತರೆ ಅಥವಾ ಒಳಗೆ ಮರಳು ಉಜ್ಜಿದ ಹಾಗೆ ತೊಡಕಿದರೆ ಕೇಬಲ್ ಕವಚದೊಳಗೆ ನೀರು ಹೊಕ್ಕು ತುಕ್ಕಾಗಿದೆ ಎಂದೇ ಅರ್ಥ. ಅಂಥ ಕೇಬಲ್‌ಗೆ ಎಣ್ಣೆ ಬಿಟ್ಟು ದಿನ ದೂಡಬಹುದು, ಹೊಂದಿಸಲಾಗುವುದಿಲ್ಲ. ಹೊಸದು ಹಾಕಿ.

ಶೂ ಕೂತಿರುವುದು ಸರಿಯೇ?

ಶೂ ಬದಲಿಸುವ ವಿಧಾನವೇ ಬೇರೆ ಲೇಖನದ ವಿಷಯ. ಆದರೆ ಡ್ರಮ್ ಮುಚ್ಚುವ ಮೊದಲು ಕೆಲವನ್ನು ಕಣ್ಣಾರೆ ನೋಡಲೇಬೇಕು, ಏಕೆಂದರೆ ಹ್ಯಾಂಡ್‌ಬ್ರೇಕಿನ ಅರ್ಧಕ್ಕರ್ಧ ದೂರುಗಳು ಹುಟ್ಟುವುದು ಇಲ್ಲೇ.

ಸ್ಟಾರ್ ವೀಲ್ ಇರುವ ಅಡ್ಜಸ್ಟರ್ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಒಂದರ ಥ್ರೆಡ್ ಬಲಸುತ್ತು, ಇನ್ನೊಂದರದು ಎಡಸುತ್ತು. ಅದಲುಬದಲಾದರೆ ಅಡ್ಜಸ್ಟರ್ ಪ್ರತಿ ಸಲ ಅಂತರ ಕಡಿಮೆ ಮಾಡುವ ಬದಲು ಹೆಚ್ಚಿಸುತ್ತದೆ! ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಿ ಗೋಣಿಯ ಮೇಲೆ ಹರಡುವ ಅಭ್ಯಾಸ ಬಿಡಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋದರೆ ನೋಡಿಕೊಳ್ಳಲು ಮಾದರಿಯೂ ಇರುತ್ತದೆ.

ಮುಂದೆ, ಟಾರ್ಚ್ ಹಿಡಿದು ಒಳಗಿನ ಹ್ಯಾಂಡ್‌ಬ್ರೇಕ್ ಲಿವರ್ ನೋಡಿ. ಬೆರಳಿಂದ ಮುಂದೆ ಎಳೆದು ಬಿಟ್ಟರೆ ಹಿಂದೆ ಬಂದು ಅದರ ಗುಬುಟು ಶೂವಿನ ಅಂಚಿಗೆ 'ಟಕ್' ಎಂದು ತಾಗಬೇಕು. ತಾಗದಿದ್ದರೆ ಕೇಬಲ್ ಇನ್ನೂ ಬಿಗಿಯಿದೆ, ಇಲ್ಲವೇ ಲಿವರ್‌ನ ಪಿನ್ ಒಣಗಿ ಹಿಡಿದಿದೆ. ಸ್ಟ್ರಟ್‌ನ ಎರಡೂ ತುದಿಗಳು ಶೂಗಳ ಕಚ್ಚಿನೊಳಗೆ ನೆಟ್ಟಗೆ ಕೂತಿವೆಯೇ, ಸ್ಪ್ರಿಂಗ್‌ಗಳು ಸರಿಯಾದ ತೂತಿನಲ್ಲಿವೆಯೇ ಎಂಬುದನ್ನೂ ಕಂಡುಕೊಳ್ಳಿ.

ಶೂ ಉಜ್ಜುವ ತಗಡಿನ ಉಬ್ಬುಗಳಿಗೆ ಗ್ರೀಸ್‌ನ್ನು ಬೆರಳ ತುದಿಯಿಂದ ಸವರಿದಷ್ಟು ಹಚ್ಚಿ, ಸಾಕು. ಲೈನಿಂಗ್‌ಗೆ ಗ್ರೀಸೋ ಬ್ರೇಕ್ ಎಣ್ಣೆಯೋ ತಾಗಿದರೆ ಆ ಶೂ ಹೋಯಿತೆಂದೇ ತಿಳಿಯಿರಿ. ಪೆಟ್ರೋಲಿನಲ್ಲಿ ತೊಳೆದು ಎಮರಿ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಬಿಸಿಯಾದಾಗ ಒಳಗಿನ ಜಿಡ್ಡು ಮತ್ತೆ ಮೇಲೆ ಬರುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಮಡಚಿ ನೋಡಿ. ಒಳಗೆ ಒದ್ದೆಯಿದ್ದರೆ ಸಿಲಿಂಡರ್ ಬದಲಿಸಿ, ಬ್ರೇಕ್ ಎಣ್ಣೆಯ ಲೈನ್‌ನಲ್ಲಿ ಸೇರಿದ ಗಾಳಿ ತೆಗೆಯುವವರೆಗೆ ಹ್ಯಾಂಡ್‌ಬ್ರೇಕಿನ ವಿಷಯ ಪಕ್ಕಕ್ಕಿಡಿ.

ಹಾಗೆಯೇ ಡ್ರಮ್ಮಿನ ಒಳ ಅಂಚು. ಹಳೆಯ ಡ್ರಮ್ಮಿನಲ್ಲಿ ಶೂ ಉಜ್ಜಿದ ಕಡೆ ಸವೆದು ಅಂಚಿನಲ್ಲಿ ದಿಬ್ಬ ಎದ್ದಿರುತ್ತದೆ. ಬಳಸಬಹುದಾದ ಗರಿಷ್ಠ ವ್ಯಾಸವನ್ನು ಡ್ರಮ್ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದನ್ನು ಮೀರಿದ ಡ್ರಮ್‌ಗೆ ಎಷ್ಟೇ ಹೊಸ ಶೂ ಹಾಕಿದರೂ ಹಿಡಿತ ಬರದು.

ಶೂ ಮತ್ತು ಡ್ರಮ್ಮಿನ ಅಂತರ

ಹೊಸ ಶೂ ಹಾಕುವಾಗ ಅಡ್ಜಸ್ಟರನ್ನು ಚಿಕ್ಕದು ಮಾಡಿರುತ್ತೀರಿ. ಈಗ ಅದನ್ನು ಹಲ್ಲು ಹಲ್ಲಾಗಿ ಉದ್ದ ಮಾಡುತ್ತ, ನಡುನಡುವೆ ಡ್ರಮ್ ತೂರಿಸಿ ನೋಡುತ್ತ ಹೋಗಿ. ಡ್ರಮ್ ಕೈಯಿಂದಲೇ ಒಳಗೆ ಹೋಗಬೇಕು, ತಿರುಗಿಸಿದರೆ ಶೂ ಸಣ್ಣಗೆ ಸವರಿದ 'ಸರ್ ಸರ್' ಸದ್ದು ಬರಬೇಕು. ಸದ್ದೇ ಇಲ್ಲದಿದ್ದರೆ ಅಂತರ ಜಾಸ್ತಿ. ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕಾದರೆ ತೀರಾ ಕಡಿಮೆ.

ಹಿಂಬದಿ ತಗಡಿನಲ್ಲಿ ರಬ್ಬರ್ ಮುಚ್ಚಳವಿರುವ ಕಿಂಡಿ ಇದ್ದರೆ ಡ್ರಮ್ ಹಾಕಿದ ಮೇಲೂ ಸ್ಟಾರ್ ವೀಲ್ ತಿರುಗಿಸಬಹುದು. ಚಕ್ರ ಕೈಗೆ ತಿರುಗದಷ್ಟು ಬಿಗಿ ಮಾಡಿ, ಆಮೇಲೆ ಸರಾಗವಾಗಿ ತಿರುಗುವವರೆಗೆ ಹಲ್ಲು ಹಿಂದೆ ತನ್ನಿ. ಹಿಂದೆ ತರುವಾಗ ಮಾತ್ರ ತೆಳ್ಳಗಿನ ಸ್ಕ್ರೂಡ್ರೈವರಿನಿಂದ ಅಡ್ಜಸ್ಟರಿನ ನಾಲಗೆಯನ್ನು ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಹಲ್ಲು ಕಿತ್ತುಬರುತ್ತದೆ. ಎರಡೂ ಬದಿಯಲ್ಲಿ ಎಳೆತ ಒಂದೇ ರೀತಿ ಇರಲಿ. ಮುಗಿದ ಮೇಲೆ ಕಿಂಡಿಯ ರಬ್ಬರ್ ಮರೆಯದೆ ಹಾಕಿ, ಮಳೆನೀರು ಒಳಗೆ ಹೋಗುವುದು ಅಲ್ಲಿಂದಲೇ.

ಡ್ರಮ್ ಮತ್ತು ಹಬ್ ಒಂದೇ ಆಗಿರುವ ಕಾರುಗಳಲ್ಲಿ ಮಧ್ಯದ ದೊಡ್ಡ ನಟ್‌ನ್ನು ಅಂದಾಜಿಗೆ ಬಿಗಿಯಬೇಡಿ. ಬೇರಿಂಗ್ ಅದರ ಮೇಲೆ ನಿಂತಿದೆ. ಆ ಕಾರಿಗೆ ಹೇಳಿದ ಬಿಗಿತಕ್ಕೆ ಟಾರ್ಕ್ ಪಾನಾದಲ್ಲೇ ಬಿಗಿಯಿರಿ. ನಟ್‌ನ ಅಂಚನ್ನು ಮಡಚಿ ಲಾಕ್ ಮಾಡುವ ಬಗೆಯದಾದರೆ ಹೊಸ ನಟ್ ಹಾಕಿ.

ಈಗ ಪೆಡಲ್

ಕೇಬಲ್ ಇನ್ನೂ ಸಡಿಲವೇ ಇರಲಿ. ಎರಡೂ ಡ್ರಮ್ ಕೂತಿರಬೇಕು. ಒಂದು ಬದಿ ತೆರೆದಿಟ್ಟು ಪೆಡಲ್ ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರುತ್ತದೆ. ಎಂಜಿನ್ ಆರಿಸಿ, ಒಬ್ಬರು ಪೆಡಲನ್ನು ಸಾಕಷ್ಟು ಬಲವಾಗಿ ಒತ್ತಿ ಪೂರ್ತಿ ಬಿಡುತ್ತ ಹೋಗಲಿ. ನೀವು ಡ್ರಮ್ಮಿನ ಪಕ್ಕ ಕಿವಿಗೊಡಿ. ಪ್ರತಿ ಒತ್ತಿಗೂ ಒಳಗಿಂದ ಸಣ್ಣ 'ಟಿಕ್' ಕೇಳಿಸುತ್ತದೆ. ಅಡ್ಜಸ್ಟರ್ ಹಲ್ಲು ಏರುತ್ತಿದೆ. ಹತ್ತು ಹದಿನೈದು ಸಲ ಒತ್ತುವಷ್ಟರಲ್ಲಿ ಟಿಕ್ ನಿಲ್ಲುತ್ತದೆ, ಪೆಡಲೂ ಮೇಲೆ ಬಂದು ಗಟ್ಟಿಯಾಗುತ್ತದೆ. ಕೆಲವು ಕಾರುಗಳ ಅಡ್ಜಸ್ಟರ್ ರಿವರ್ಸ್‌ನಲ್ಲಿ ಹೋಗುತ್ತ ಬ್ರೇಕ್ ಹಾಕಿದಾಗ ಮಾತ್ರ ಏರುತ್ತದೆ. ಅಂಥವಕ್ಕೆ ಕೆಳಗಿಳಿಸಿದ ಮೇಲೆ ಮನೆಯ ಮುಂದೆಯೇ ಹಿಂದೆ ಮುಂದೆ ಮಾಡಿ ಬ್ರೇಕ್ ಒತ್ತಬೇಕು.

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನ್‌ನಲ್ಲಿ ಗಾಳಿ ಇದೆ. ಮೊದಲು ಅದನ್ನು ತೆಗೆಯಿರಿ. ಎಣ್ಣೆ ಡಬ್ಬಿಯ ಮಟ್ಟವನ್ನೂ ನೋಡಿ. ಹೊಸ ಶೂ ಹಾಕಿದಾಗ ಪಿಸ್ಟನ್ ಹಿಂದೆ ಹೋಗಿ ಎಣ್ಣೆ ಮೇಲೇರಿರುತ್ತದೆ, ತುಂಬಿ ಚೆಲ್ಲಿದರೆ ಪೇಂಟ್ ಸುಲಿಯುತ್ತದೆ.

ಕಟ್ಟಕಡೆಗೆ ಕೇಬಲ್

ಚಕ್ರ ಹಾಕಿ, ಅದರ ನಟ್ ಬಿಗಿಯಿರಿ; ಕಾರಿನ ಹಿಂಭಾಗ ಸ್ಟ್ಯಾಂಡ್ ಮೇಲೆ, ಚಕ್ರ ಗಾಳಿಯಲ್ಲೇ ಇರಲಿ. ಲಿವರ್ ಪೂರ್ತಿ ಕೆಳಗಿರುವಾಗ ಹೊಂದಿಸುವ ನಟ್‌ನ್ನು ನಿಧಾನವಾಗಿ ಬಿಗಿಯುತ್ತ ಬನ್ನಿ. ಕೇಬಲ್‌ನ ಜೋಲು ಹೋದ ಕೂಡಲೇ ನಿಲ್ಲಿಸಿ. ಈಗ ಲಿವರ್‌ನ್ನು ನಾಲ್ಕೈದು ಸಲ ಬಲವಾಗಿ ಎಳೆದು ಇಳಿಸಿ, ಕೇಬಲ್ ತನ್ನ ಜಾಗಗಳಲ್ಲಿ ಕೂರಲಿ. ಹೊಸ ಕೇಬಲ್ ಆದರೆ ಇನ್ನಷ್ಟು ಸಲ.

ಆಮೇಲೆ ಲಿವರ್ ಎಳೆಯುವಾಗ ಕೇಳುವ ಕ್ಲಿಕ್ ಎಣಿಸಿ. ಎಷ್ಟು ಕ್ಲಿಕ್‌ಗೆ ಹಿಡಿಯಬೇಕು, ಎಷ್ಟು ಬಲದಲ್ಲಿ ಎಳೆಯಬೇಕು ಎಂಬುದು ಆಯಾ ಕಾರಿನ ಕೈಪಿಡಿಯಲ್ಲಿದೆ. ಸಣ್ಣ ಕಾರುಗಳಲ್ಲಿ ಸುಮಾರು 20 ಕಿಲೋ ಬಲದಲ್ಲಿ ಎಳೆದರೆ 5ರಿಂದ 8 ಕ್ಲಿಕ್ ಬರುವುದು ಸಾಮಾನ್ಯ. ನಾನು ನೋಡುವ ಕ್ರಮ ಹೀಗೆ: ಒಂದನೇ ಕ್ಲಿಕ್‌ಗೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಬೇಕು, ಚಕ್ರ ಇನ್ನೂ ಸಲೀಸಾಗಿ ತಿರುಗಬೇಕು. ಎರಡು ಮೂರಕ್ಕೆ ಸವರುವುದು ಶುರುವಾಗಬೇಕು. ಐದಾರಕ್ಕೆ ಎರಡೂ ಚಕ್ರ ಕೈಗೆ ಜಗ್ಗಬಾರದು. ಲಿವರ್ ಇಳಿಸಿದ ಕ್ಷಣ ಎರಡೂ ಪೂರ್ತಿ ಬಿಡಬೇಕು.

ಎರಡು ಮೂರೇ ಕ್ಲಿಕ್‌ಗೆ ಕಲ್ಲಿನಂತೆ ಹಿಡಿದರೆ ಖುಷಿಪಡಬೇಡಿ, ಕೇಬಲ್ ಅತಿಯಾಗಿದೆ. ನಟ್ ಸಡಿಲಿಸಿ. ಇನ್ನೊಂದು ಕಡೆ, ನಟ್ ಥ್ರೆಡ್‌ನ ಕೊನೆ ಮುಟ್ಟಿದರೂ ಒಂಬತ್ತು ಹತ್ತು ಕ್ಲಿಕ್ ಬೇಕಾಗುತ್ತಿದ್ದರೆ ಮತ್ತೆ ಡ್ರಮ್ ತೆಗೆಯಿರಿ. ಅಡ್ಜಸ್ಟರ್ ಏರಿಲ್ಲ ಅಥವಾ ಕೇಬಲ್ ಹಿಗ್ಗಿದೆ.

ಒಂದು ಚಕ್ರ ಹಿಡಿದು ಇನ್ನೊಂದು ತಿರುಗುತ್ತಿದ್ದರೆ ಎರಡು ಕೇಬಲ್ ಸೇರುವ ಈಕ್ವಲೈಸರ್ ಪಟ್ಟಿಯನ್ನು ನೋಡಿ. ಲಿವರ್ ಎಳೆದಾಗ ಅದು ಹೆಚ್ಚು ಕಡಿಮೆ ನೇರವಾಗಿ ನಿಲ್ಲಬೇಕು. ಒಂದೇ ಕಡೆ ವಾಲಿದ್ದರೆ ಎರಡು ಬದಿಯ ಶೂ ಅಂತರ ಬೇರೆ ಬೇರೆ ಇದೆ, ಇಲ್ಲವೇ ಒಂದು ಕೇಬಲ್ ಒಳಗೆ ತೊಡಕಿದೆ. ಇದನ್ನು ನಟ್ ಬಿಗಿದು ಸರಿಮಾಡಲು ಹೋದರೆ ಸರಿಯಿರುವ ಚಕ್ರವೂ ಜಾಮ್ ಆಗುತ್ತದೆ.

ಎಲ್ಲ ಸರಿಯೆನಿಸಿದ ಮೇಲೆ ಲಾಕ್ ನಟ್ ಇದ್ದರೆ ಬಿಗಿದು, ಕನ್ಸೋಲ್ ಮುಚ್ಚಿ, ಕಾರು ಕೆಳಗಿಳಿಸಿ. ವೀಲ್ ನಟ್‌ಗಳನ್ನು ನೆಲದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ರಸ್ತೆಯಲ್ಲಿ

ಮನೆಯಿಂದ ಹೊರಡುವ ಮುನ್ನ ಪೆಡಲ್ ಒತ್ತಿ ಗಟ್ಟಿಯಿದೆಯೇ ನೋಡಿ. ಖಾಲಿ ಜಾಗದಲ್ಲಿ 15–20 ಕಿ.ಮೀ. ವೇಗದಲ್ಲಿ, ಲಿವರ್‌ನ ಗುಂಡಿ ಒತ್ತಿ ಹಿಡಿದುಕೊಂಡೇ ನಿಧಾನವಾಗಿ ಎಳೆಯಿರಿ. ಕಾರು ನೇರವಾಗಿ ನಿಲ್ಲಬೇಕು. ಹಿಂಭಾಗ ಒಂದು ಕಡೆ ಜಗ್ಗಿದರೆ ಎಡಬಲದ ಹಿಡಿತ ಸಮವಿಲ್ಲ.

ಇಳಿಜಾರಿನ ಪರೀಕ್ಷೆಯೇ ನಿಜವಾದದ್ದು. ಕಾರುಗಳ ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 13-ಎಚ್ ನಿಯಮದ ಪ್ರಕಾರ ಭಾರ ತುಂಬಿದ ಕಾರನ್ನು ಹ್ಯಾಂಡ್‌ಬ್ರೇಕ್ ಶೇ. 20ರ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬೇಕು, ಅದೂ ಕೈಬಲ 400 ನ್ಯೂಟನ್, ಅಂದರೆ ಸುಮಾರು 40 ಕಿಲೋ ಮೀರದಂತೆ. ಐದು ಮೀಟರ್ ಹೋದರೆ ಒಂದು ಮೀಟರ್ ಏರುವ ರಸ್ತೆ ಅದು. ಮಡಿಕೇರಿಯ ಓಣಿಗಳಲ್ಲಿ ಗಾಡಿ ನಿಲ್ಲಿಸುವವರಿಗೆ ಇದು ಬರೀ ಅಂಕಿಯಲ್ಲ. ಹತ್ತಿರದ ಒಳ್ಳೆಯ ಏರಿನಲ್ಲಿ ಮುಖ ಮೇಲೆ ಮಾಡಿ ಒಮ್ಮೆ, ಕೆಳಗೆ ಮಾಡಿ ಒಮ್ಮೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಪೆಡಲಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ. ಕಾಲು ಪೆಡಲ್ ಮೇಲೆಯೇ ಸುಳಿದಾಡುತ್ತಿರಲಿ, ಹಿಂದೆ ಮುಂದೆ ಯಾರೂ ಇರಬಾರದು.

ಹತ್ತು ಕಿಲೋಮೀಟರ್ ಓಡಿಸಿ ಬಂದು ಹಿಂದಿನ ಎರಡೂ ಚಕ್ರಗಳ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿ, ಮುಟ್ಟಬೇಡಿ. ಬೆಚ್ಚಗಿರುವುದು ಸಹಜ. ಒಂದರಿಂದ ಝಳ ಹೊಡೆಯುತ್ತಿದ್ದರೆ ಆ ಬದಿ ಕಚ್ಚುತ್ತಿದೆ. ಹೊಸ ಲೈನಿಂಗ್ ಡ್ರಮ್ಮಿನ ಆಕಾರಕ್ಕೆ ಹೊಂದಿಕೊಳ್ಳಲು ಇನ್ನೂರು ಮುನ್ನೂರು ಕಿ.ಮೀ. ಬೇಕು. ಅಷ್ಟು ದಿನ ಹಿಡಿತ ಸ್ವಲ್ಪ ಕಡಿಮೆಯೇ ಎಂದು ತಿಳಿದು ಓಡಿಸಿ, ಆಮೇಲೆ ಕ್ಲಿಕ್ ಮತ್ತೆ ಎಣಿಸಿ. ಒಂದೆರಡು ಹೆಚ್ಚಾಗಿದ್ದರೆ ಮೊದಲು ಪೆಡಲ್ ಒತ್ತುವ ಕ್ರಮ, ಬೇಕಾದರೆ ಮಾತ್ರ ನಟ್ ಅರ್ಧ ಸುತ್ತು.

ಹಿಂದೆ ಡಿಸ್ಕ್ ಇದ್ದರೆ

ಇದರಲ್ಲಿ ಮೂರು ಬಗೆ. ಡಿಸ್ಕಿನ ಟೊಪ್ಪಿಯೊಳಗೆ ಚಿಕ್ಕ ಡ್ರಮ್ ಇರುವುದು ಮೊದಲನೆಯದು. ಅಲ್ಲಿನ ಶೂಗಳು ಹ್ಯಾಂಡ್‌ಬ್ರೇಕಿಗೆ ಮಾತ್ರ ದುಡಿಯುತ್ತವೆ, ತಾನಾಗಿ ಹೊಂದುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಸ್ಟಾರ್ ವೀಲ್‌ನಿಂದ ಅಂತರ ಕೊಟ್ಟು, ಆಮೇಲೆ ಕೇಬಲ್. ಪೆಡಲ್ ಒತ್ತಿ ಪ್ರಯೋಜನವಿಲ್ಲ.

ಎರಡನೆಯದರಲ್ಲಿ ಕೇಬಲ್ ನೇರ ಕ್ಯಾಲಿಪರಿನ, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆಯ, ಲಿವರ್‌ಗೆ ಹೋಗುತ್ತದೆ. ಪ್ಯಾಡ್ ಬದಲಿಸುವಾಗ ಇದರ ಪಿಸ್ಟನ್‌ನ್ನು ಹೆಚ್ಚಿನ ಕಾರುಗಳಲ್ಲಿ ತಿರುಗಿಸುತ್ತ ಒಳಗೆ ಕಳಿಸಬೇಕು, ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಯಾಂತ್ರಿಕತೆ ಕೆಡುತ್ತದೆ. ಪ್ಯಾಡ್ ಹಾಕಿದ ಮೇಲೆ ಪೆಡಲ್ ಒತ್ತಿ ಪಿಸ್ಟನ್ ಮುಂದೆ ತನ್ನಿ. ಹ್ಯಾಂಡ್‌ಬ್ರೇಕ್ ಇಳಿಸಿದಾಗ ಎರಡೂ ಕ್ಯಾಲಿಪರ್‌ಗಳ ಲಿವರ್ ತಮ್ಮ ತಡೆಗೆ ಮರಳುತ್ತವೆಯೇ ಎಂದು ನೋಡಿಕೊಂಡೇ ಕೇಬಲ್ ಮುಟ್ಟಿ.

ಮೂರನೆಯದು ಸ್ವಿಚ್ ಒತ್ತಿದರೆ ಮೋಟಾರಿನಿಂದ ಹಿಡಿಯುವ ಎಲೆಕ್ಟ್ರಾನಿಕ್ ಬ್ರೇಕ್. ಪ್ಯಾಡ್ ತೆಗೆಯುವ ಮುನ್ನವೇ ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡ್‌ಗೆ ತರಬೇಕು, ಮುಗಿದ ಮೇಲೆ ಅದರಿಂದಲೇ ಮರಳಿ ಹೊಂದಿಸಬೇಕು. ಸ್ಕ್ಯಾನರ್ ಇಲ್ಲದವರು ಕೈಹಾಕದಿರುವುದೇ ಲೇಸು.

ಮಳೆಗಾಲದಲ್ಲಿ ನಿಲ್ಲಿಸುವಾಗ

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕಾರು ದಿನ ಬಿಟ್ಟರೆ ಶೂ ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಹೊಸ ಶೂಗಳಿಗೂ ಇದು ತಪ್ಪಿದ್ದಲ್ಲ. ಸಮತಟ್ಟು ಜಾಗವಾದರೆ ಗೇರ್ ಹಾಕಿ, ಚಕ್ರಕ್ಕೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿಯೇ ಬಿಡಿ. ಅಂಟಿಕೊಂಡಿದ್ದರೆ ಆಕ್ಸಿಲರೇಟರ್ ತುಳಿದು ಎಳೆದಾಡಬೇಡಿ, ಲೈನಿಂಗ್ ಶೂನಿಂದ ಕಿತ್ತುಬರುತ್ತದೆ. ರಿವರ್ಸ್ ಮತ್ತು ಒಂದನೇ ಗೇರಿನಲ್ಲಿ ಒಂದಿಷ್ಟೇ ಹಿಂದೆ ಮುಂದೆ ಅಲುಗಿಸಿ. ಬಿಡದಿದ್ದರೆ ಹ್ಯಾಂಡ್‌ಬ್ರೇಕ್ ಇಳಿಸಿದ ಆ ಕಾರಿನ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಹಿಂಭಾಗ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ಬಿಚ್ಚಿ, ಮರದ ಕೊಡತಿಯಿಂದ ಡ್ರಮ್ಮಿನ ಸುತ್ತ ತಟ್ಟಿ. 'ಟಪ್' ಎಂದು ಬಿಟ್ಟುಕೊಳ್ಳುತ್ತದೆ.